ಹೊಸ್ತಿಲಾಚೆಯ ಗಡಿಗೆ

"ನಾಲ್ಕು ಕೊಡು. ನಾಲ್ಕರ ಮ್ಯಾಲ ಒಂದು ಕಾಳೂ ಬ್ಯಾಡ," ಅಂದಳು ಅವ್ವ, ಮೊರದಲ್ಲಿದ್ದ ಮೆಂತ್ಯಪಲ್ಯದ ಬೇರು ಚಿವುಟುತ್ತ.

"ಹತ್ತಕ್ಕೆ ನಾಲ್ಕಾ ಅಮ್ಮ?" ಅಭಿಲಾಷ ಚಹಾದ ಕಪ್ಪು ನೆಲಕ್ಕಿಟ್ಟರು. "ಸ್ಕೂಲಲ್ಲಿ ಹತ್ತಕ್ಕೆ ನಾಲ್ಕು ಬಂದ್ರೆ ನಮ್ಮಪ್ಪ ಊಟ ಹಾಕ್ತಿರ್ಲಿಲ್ಲ, ಗೊತ್ತಾ?"

"ಚಲೋ ಮಾಡ್ತಿದ್ರು. ಈ ಆಟಕ್ಕೂ ಹಾಕಬಾರದು. ಎಂಟು ಆಟದಾಗ ನಮ್ಮ ಭೀಮು ದುಡಿದು ಉಂಡಾನ. ಇದರಾಗ ಕದ್ದು ಉಣ್ಣು ಅಂತಾರ. ನಾಲ್ಕು ಅಂದದ್ದೇ ಹೆಚ್ಚಾತು."

ಅಭಿಲಾಷ ನನ್ನ ಮುಖ ನೋಡಿದರು. ನಾನು ಟಿವಿಯ ಮುಖ ನೋಡಿದೆ. ಟಿವಿಯಲ್ಲಿ ಭೀಮು ಸತ್ತು ಬಿದ್ದಿದ್ದ. ಮೂವತ್ತೊಂದನೆಯ ಸಲ.

ಭೀಮು ಅಂದರೆ ಅವ್ವನ ತಮ್ಮ. ಇಲ್ಲೇ ಪುಣೆಯ ಖಡಕಿಯಲ್ಲಿ ಹೆಂಡತಿ ಮಕ್ಕಳ ಜೊತೆ ಆರಾಮಾಗಿ ಇದ್ದಾನೆ. 'ತಾರ್ವೆಲ್' ಆಟದಲ್ಲಿ ನಾಯಕನಿಗೆ ಹೆಸರು ಇಡಿ ಅಂತ ಕೇಳುತ್ತಾರೆ, ಅವ್ವ ಎಂಟು ಆಟದಲ್ಲೂ ತಮ್ಮನ ಹೆಸರೇ ಇಡಿಸಿದ್ದಾಳೆ. ಪರದೆಯ ಮೇಲೆ ತಾನು ಎಷ್ಟು ಸಲ ಸತ್ತು ಎದ್ದಿದ್ದೇನೆ ಅಂತ ನಮ್ಮ ಮಾವನಿಗೆ ಇವತ್ತಿಗೂ ಗೊತ್ತಿಲ್ಲ.

ತಾರ್ವೆಲ್ ಇಪ್ಪತ್ತೆರಡು ವರ್ಷದಿಂದ ಬರುತ್ತಿರುವ ವಿಡಿಯೊ ಗೇಮ್. ಒಬ್ಬ ಅಲೆಮಾರಿಯಾಗಿ ಊರಿಂದ ಊರಿಗೆ ನಡೆಯಬೇಕು, ಜನರ ಮಾತು ಕೇಳಬೇಕು, ದಾರಿಗೆ ಅಡ್ಡ ಬಂದ ರಾಕ್ಷಸರ ಜೊತೆ ಬಡಿದಾಡಬೇಕು. ನಾನು ದತ್ತು ಶೇಠರ ಮೊಬೈಲ್ ಅಂಗಡಿಯಲ್ಲಿ ರಿಪೇರಿ ಮಾಡುತ್ತೇನೆ. ಐದು ವರ್ಷದ ಹಿಂದೆ ಯಾರೋ ಒಂದು ಗೇಮಿನ ಡಬ್ಬಿ ರಿಪೇರಿಗೆ ಕೊಟ್ಟು ಹೋದವರು ತಿರುಗಿ ಬರಲೇ ಇಲ್ಲ. "ಒಯ್ಯಿ, ಮನೆಯಲ್ಲಾದರೂ ಇರಲಿ," ಅಂದರು ಶೇಠ್. ಆ ವರ್ಷವೇ ಅವ್ವನ ಮೊಣಕಾಲು ಕೈಕೊಟ್ಟಿತ್ತು. ಇಪ್ಪತ್ತು ವರ್ಷ ಪುಣೆಯ ಕಟ್ಟಡಗಳಿಗೆ ಇಟ್ಟಂಗಿ ಹೊತ್ತವಳು ಮನೆಯಲ್ಲಿ ಗೋಡೆ ನೋಡುತ್ತ ಕೂತಿದ್ದಳು. ಅವಳಿಗೆ ಓದಲು ಬರುವುದಿಲ್ಲ. ಹಾಗಾಗಿ ನಾನು ಆಡುತ್ತ ಆಡುತ್ತ ಪ್ರತಿಯೊಬ್ಬರ ಮಾತನ್ನೂ ನಮ್ಮ ಯಾದಗಿರಿ ಕಡೆಯ ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಹೇಳುತ್ತಿದ್ದೆ. ಮಂತ್ರವಾದಿಗೆ ನಮ್ಮಜ್ಜನ ದನಿ, ರಾಣಿಗೆ ಪಕ್ಕದ ಸೊಸೈಟಿಯ ಚೇರಮನ್ ಹೆಂಗಸಿನ ದನಿ. ಅವ್ವ ಬಿದ್ದು ಬಿದ್ದು ನಗುತ್ತಿದ್ದಳು.

ಅಭಿಲಾಷ ಮೈಸೂರಿನವರು, ಹಿಂಜೇವಾಡಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಗೇಮ್ ಆಡುವ ಕಂಟ್ರೋಲರ್ ರಿಪೇರಿಗೆ ಅಂಗಡಿಗೆ ಬಂದಾಗ ನನ್ನ ಮೊಬೈಲಿನಲ್ಲಿದ್ದ ಒಂದು ತುಣುಕು ನೋಡಿ, "ಇದನ್ನ ಜನಕ್ಕೆ ತೋರಿಸ್ಬೇಕು ಕಣ್ರೀ," ಅಂದರು. ಹಾಗೆ ಶುರುವಾದ ನಮ್ಮ ಚಾನೆಲ್ಲಿಗೆ ಎರಡು ವರ್ಷದಲ್ಲಿ ಹನ್ನೊಂದು ಸಾವಿರ ಜನ ಆಗಿದ್ದಾರೆ. ಆಟ ಮುಗಿದ ಮೇಲೆ ಅವ್ವ ಹತ್ತಕ್ಕೆ ಅಂಕ ಕೊಡುತ್ತಾಳೆ. ಜನ ಬರುವುದೇ ಆ ಅಂಕಕ್ಕೆ.

ಈ ಸಲದ ಸಂಗತಿ ಬೇರೆ. ಒಂಬತ್ತನೆಯ ತಾರ್ವೆಲ್ಲನ್ನು, ಅದಿನ್ನೂ ಅಂಗಡಿಗೆ ಬರುವ ಮೊದಲೇ, ಕಂಪನಿಯವರು ನಮಗೆ ಎರಡು ಪ್ರತಿ ಕಳಿಸಿದ್ದರು. ಕನ್ನಡ ಚಾನೆಲ್ಲಿಗೆ ಕಳಿಸಿದ್ದು ಇದೇ ಮೊದಲು ಅಂತ ಮುಂಬೈಯಿಂದ ಋಷಿಕೇಶ ಅನ್ನುವವರು ಮೇಲ್‌ನಲ್ಲಿ ಬರೆದಿದ್ದರು. ಕೆಳಗೆ ಎರಡು ಷರತ್ತು. ಗುರುವಾರ ಸಂಜೆ ಆರಕ್ಕೆ ವಿಡಿಯೊ ಬರಬೇಕು, ಮತ್ತು ಕೊನೆಯವರೆಗೆ ಆಡದೆ ಅಂಕ ಕೊಡಬಾರದು. ಎರಡನೆಯ ಷರತ್ತು ಅವರು ಹೇಳಬೇಕಿರಲಿಲ್ಲ. ಎಂಟು ಆಟದಲ್ಲಿ ಒಂದಕ್ಕೂ ನಾವು ಮುಗಿಸದೆ ಅಂಕ ಕೊಟ್ಟಿಲ್ಲ. ಕೊಟ್ಟರೆ ನನ್ನ ಮಾತನ್ನು ಮುಂದೆ ಯಾರು ಯಾಕೆ ನಂಬಬೇಕು?

ಮಂಗಳವಾರ ಮುಂಜಾನೆ ನಾವಿದ್ದದ್ದು ಉಪ್ಪಿನ ಸೇತುವೆಯ ಮೇಲೆ. ಅಲ್ಲಿ ಒಬ್ಬ ಉಪ್ಪಿನ ರಾಕ್ಷಸ. ಅವನನ್ನು ದಾಟಿದರೆ ಆಟದ ಕೊನೆಯ ಭಾಗ. ದಾಟಬೇಕೆಂದರೆ ಮಧ್ಯೆ ಮಧ್ಯೆ ಕುಡಿದು ಚೇತರಿಸಿಕೊಳ್ಳಲು ಗಂಜಿ ಬೇಕು. ಗಂಜಿ ಊರವರ ಮನೆಯ ಗಡಿಗೆಗಳಲ್ಲಿ ಇರುತ್ತದೆ. ತಾರ್ವೆಲ್ ಆಡುವ ಜಗತ್ತಿನ ಎಲ್ಲರೂ ಆ ಗಡಿಗೆ ಒಡೆದು ಗಂಜಿ ತೆಗೆದುಕೊಳ್ಳುತ್ತಾರೆ, ನಮ್ಮ ಮನೆಯವರನ್ನು ಬಿಟ್ಟು.

ಮೊದಲನೆಯ ಆಟದಲ್ಲೇ ನಾನೊಂದು ಮುದುಕಿಯ ಮನೆ ಹೊಕ್ಕು ಗಡಿಗೆ ಒಡೆದಿದ್ದೆ. ಅವ್ವ ನನ್ನ ಕೈಮೇಲೆ ಫಟ್ ಅಂತ ಹೊಡೆದಳು. "ಹೇಳದ ಕೇಳದ ಮಂದಿ ಮನಿ ಹೊಕ್ಕು ಗಡಿಗಿಗೆ ಕೈ ಹಾಕ್ತಿಯಲ್ಲ, ಯಾರು ಕಲಿಸಿದ್ರು ನಿನಗ? ಆ ಮುದುಕಿ ಸಂಜಿಗಿ ಏನು ಉಣಬೇಕು?" ಅವತ್ತಿನಿಂದ ಗಡಿಗೆ ಕಂಡರೆ ಸಾಕು, ನಮ್ಮ ಭೀಮು ದೂರದಿಂದಲೇ ಸುತ್ತು ಹಾಕಿ ಹೋಗುತ್ತಾನೆ. ಆಗ ತೊಂದರೆ ಆಗಲಿಲ್ಲ. ಆ ಎಂಟು ಆಟಗಳಲ್ಲಿ ಊರೂರಲ್ಲೂ ಕೆಲಸ ಸಿಗುತ್ತಿತ್ತು. ಕಟ್ಟಿಗೆ ಒಡಿ, ದೋಣಿ ನಡೆಸು, ಮೀನು ಹಿಡಿ. ಮಾಡಿದರೆ ಊಟ. ಅವ್ವನಿಗೆ ರಾಕ್ಷಸರಿಗಿಂತ ಆ ಕೆಲಸಗಳೇ ಇಷ್ಟ. "ಕಟ್ಟಿಗಿ ಹಂಗ ಹಿಡೀತಾರೇನು, ಅಡ್ಡ ಇಡು ಅನ್ನು ಅವನಿಗ," ಅನ್ನುತ್ತಿದ್ದಳು.

ಒಂಬತ್ತನೆಯದನ್ನು ಹೊಸ ತಂಡ ಮಾಡಿದೆ. ಕೆಲಸಗಳನ್ನೆಲ್ಲ ಕಿತ್ತು ಹಾಕಿದ್ದಾರೆ. ಉಳಿದದ್ದು ಗಡಿಗೆ ಮಾತ್ರ.

"ಸುಮಂಗಲಾ, ನೀವೇ ಯೋಚ್ನೆ ಮಾಡಿ," ಅಂದರು ಅಭಿಲಾಷ. "ರಿವ್ಯೂ ಮಾಡೋರ ಗ್ರೂಪಲ್ಲಿ ಎಲ್ರೂ ಆಟ ತುಂಬಾ ಸುಲಭ ಅಂತಿದಾರೆ. ನಾನೂ ನನ್ನ ಕಾಪೀಲಿ ಮೊನ್ನೇನೇ ಮುಗಿಸ್ದೆ. ಕೆಲವು ಊರಲ್ಲಿ ಜನ ಬಾಗಿಲೇ ತೆಗೆಯಲ್ಲ, ಅದೊಂದು ಬಗ್ ಇದೆ, ಪ್ರೋಗ್ರಾಮಿನ ತಪ್ಪು. ಅದು ಬಿಟ್ರೆ ಎಂಟು ಕೊಡಬಹುದು. ಅಮ್ಮನ ಮನೆ ರೂಲ್ಸಿಗೆ ಅವರ ಮಾರ್ಕ್ಸ್ ಕಟ್ ಮಾಡಿದ್ರೆ ಹೆಂಗೆ?"

"ನನ್ನ ಮನಿ ರೂಲ್ಸ್ ಅಲ್ಲೋ ತಮ್ಮಾ, ನಿಮ್ಮ ಮೈಸೂರಾಗ ಮಂದಿ ಗಡಿಗಿ ಒಡೀತಾರೇನು?"

"ಇಲ್ಲಮ್ಮ..."

"ಮತ್ತ?"

ಅಭಿಲಾಷ ತಲೆ ಕೆರೆದುಕೊಂಡು ನನ್ನ ಕಡೆ ತಿರುಗಿದರು. "ಸರಿ, ಹಿಂಗ್ ಮಾಡಣ. ಮುಗಿಸಿರಬೇಕು ಅಂತ ತಾನೆ ಷರತ್ತು? ನಾನು ಮುಗಿಸಿದೀನಿ. ಅಷ್ಟು ಸಾಕು. ಕೊನೆ ಭಾಗದ ವಿಡಿಯೊ ನನ್ನದು ಹಾಕಿ, ಮಾತು ನೀವಾಡಿ."

"ಮುಗಿಸಿದ ಕೈ ನಿಮ್ದು, ಹೇಳೋ ಬಾಯಿ ನಂದು. ಅದು ಹ್ಯಾಂಗಾಗ್ತದ್ರಿ?" ಅಂದೆ. "ನಾಲ್ಕೂ ಬ್ಯಾಡ, ಎಂಟೂ ಬ್ಯಾಡ. ನಾ ಮೊದಲು ಸೇತುವಿ ದಾಟ್ತೀನಿ. ಗಡಿಗಿ ಮುಟ್ಟದ ದಾಟ್ತೀನಿ. ಆಮ್ಯಾಲ ಮಾತು."

"ಗುರುವಾರ ಆರು ಗಂಟೆ, ಸುಮಂಗಲಾ."

"ನನಗ ಗಡಿಯಾರ ನೋಡಾಕ ಬರ್ತದ."

ಅವರು ನಕ್ಕು ಎದ್ದರು. ಹೋಗುವಾಗ ನಮ್ಮ ಬಾಗಿಲ ಹೊರಗಿನ ಮಣ್ಣಿನ ಗಡಿಗೆಯಿಂದ ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದು ಹೋದರು. ಬಂದಾಗ ಒಮ್ಮೆ, ಹೋಗುವಾಗ ಒಮ್ಮೆ. ಎರಡು ವರ್ಷದ ರೂಢಿ ಅದು. ಫ್ರಿಜ್ಜಿನ ನೀರಿಗೆ ಈ ರುಚಿ ಇಲ್ಲ ಅನ್ನುತ್ತಾರೆ.

ಬುಧವಾರ ದತ್ತು ಶೇಠರಿಗೆ ಫೋನ್ ಮಾಡಿ ಎರಡು ದಿನ ರಜೆ ಕೇಳಿದೆ. "ಯಾಕೆ, ಹುಷಾರಿಲ್ಲವಾ?" ಅಂತ ಮರಾಠಿಯಲ್ಲಿ ಕೇಳಿದರು. "ರಾಕ್ಷಸ ಇದ್ದಾನೆ," ಅಂದೆ. ಅವರು ಅದನ್ನು ಏನಂತ ತಿಳಿದುಕೊಂಡರೋ, "ಕಾಳಜಿ ತಗೋ ಮಗಳೇ," ಅಂದು ಇಟ್ಟರು.

ಇಡೀ ದಿನ ಆಡಿದೆ. ಮೂವತ್ತೆರಡು, ಮೂವತ್ಮೂರು, ಮೂವತ್ನಾಲ್ಕು. ಉಪ್ಪಿನವನು ಕೈ ಎತ್ತುವಾಗ ಎಡಕ್ಕೆ ಸರಿಯಬೇಕು, ನೆಲಕ್ಕೆ ಗುದ್ದಿದಾಗ ಹಾರಬೇಕು. ಅದೆಲ್ಲ ಬಾಯಿಪಾಠ ಆಗಿತ್ತು. ಆದರೆ ಭೀಮುವಿಗೆ ಮೈಯಲ್ಲಿ ಕಸುವೇ ಇಲ್ಲ. ರಾಕ್ಷಸನ ಅರ್ಧ ಜೀವ ತೆಗೆಯುವಷ್ಟರಲ್ಲಿ ಇವನು ಮುಗಿದಿರುತ್ತಿದ್ದ. ಪ್ರತಿ ಸಲವೂ ಅವ್ವ, "ಏಳಪಾ ಭೀಮು, ಏಳು," ಅನ್ನುತ್ತಿದ್ದಳು. ಮೂವತ್ತಾರನೆಯ ಸಲಕ್ಕೆ ಅದನ್ನೂ ಅನ್ನಲಿಲ್ಲ.

ಸಂಜೆ ಅಪ್ಪ ಕಾತ್ರಜದ ಸೈಟಿನಿಂದ ಬಂದ. ನಮ್ಮಪ್ಪ ಲಾಲಪ್ಪ ಸೆಂಟ್ರಿಂಗ್ ಕೆಲಸದವನು, ಸ್ಲ್ಯಾಬು ಹಾಕುವ ಮೊದಲು ಹಲಗೆ ಬಡಿಯುತ್ತಾನೆ. ಕೈಕಾಲು ತೊಳೆದು ಬಂದು ಟಿವಿ ನೋಡಿದ.

"ಇನ್ನೂ ಆ ಉಪ್ಪಿನವನ ಕೈಲೇ ಹೊಡಿಸ್ಕೊಳ್ಳಕತ್ತೀರೇನು ತಾಯಿಮಗಳು?"

"ನೀ ಬಂದು ಹೊಡಿ ಹಂಗಿದ್ರ," ಅಂದಳು ಅವ್ವ.

"ನನಗ್ಯಾಕ ಈ ರಾಕ್ಷಸ? ನನ್ನ ಸೈಟಿನ್ಯಾಗ ಇಂಜಿನೀರನೇ ಅದಾನ."

ಊಟಕ್ಕೆ ಕೂತೆವು. ಅವ್ವ ಅಂದಳು, "ಸುಮಿ, ಕೆಲಸ ಇಲ್ಲದ ಊರು ಇರಂಗಿಲ್ಲ. ನಾವು ಸರಿ ಹುಡುಕಿಲ್ಲ."

"ಎಲ್ಲಾ ಕಡಿ ಕೇಳೀನಿ ಅವ್ವಾ. ಒಬ್ಬರೂ ಕೆಲಸದ ಮಾತು ಆಡಲ್ಲ."

"ಕೇಳಿದ್ರ ಯಾರು ಕೊಡ್ತಾರ? ನಾಕಾಕ್ಕ ಹೋಗಿ ನಿಂದ್ರಬೇಕು. ಹೊತ್ತು ಹೊಂಡೂಕಿಂತ ಮೊದಲ ನಿಂದ್ರಬೇಕು. ಈ ಊರಿಗೆ ಹೊಸದಾಗಿ ಬಂದಾಗ ನಾನು ನಿನ್ನ ಅಪ್ಪ ಏನು ಮಾಡಿದ್ವಿ ಮತ್ತ?"

ಪುಣೆಯಲ್ಲಿ ಮಜೂರರ ನಾಕಾ ಅಂದರೆ ಕೆಲಸ ಬೇಕಾದವರು ಬೆಳಗ್ಗೆ ಬಂದು ನಿಲ್ಲುವ ಚೌಕ. ಬುತ್ತಿ, ಪುಟ್ಟಿ, ಸಲಿಕೆ ಹಿಡಿದು ನಿಂತರೆ ಮುಕಾದಮ ಬಂದು ಇಂತಿಷ್ಟು ಮಂದಿ ಅಂತ ಆರಿಸಿ ಕರೆದುಕೊಂಡು ಹೋಗುತ್ತಾನೆ. ಅವ್ವ ಹಾಗೆ ವರ್ಷಗಟ್ಟಲೆ ನಿಂತವಳು. ಆದರೆ ವಿಡಿಯೊ ಗೇಮಿನ ನಾಯಕನನ್ನು ನಾಕಾದಲ್ಲಿ ನಿಲ್ಲಿಸುವವರು ಭೂಮಿಯ ಮೇಲೆ ಅವಳೊಬ್ಬಳೇ ಇರಬೇಕು. ನಗು ಬಂತು. ಬೇರೆ ಉಪಾಯ ಮಾತ್ರ ನನಗೂ ಇರಲಿಲ್ಲ.

ಗುರುವಾರ ಬೆಳಗ್ಗೆ ಏಳಕ್ಕೆ ಕೂತೆವು. ಅವ್ವ ಆಗಲೇ ಬಾಗಿಲ ಹೊರಗಿನ ಗಡಿಗೆ ತೊಳೆದು ತುಂಬಿ ಬಂದಿದ್ದಳು. ಬೇಸಿಗೆಯಲ್ಲಿ ಅವಳ ಮೊದಲ ಕೆಲಸವೇ ಅದು. ಕೊರಿಯರಿನವರು, ಡೆಲಿವರಿ ಹುಡುಗರು, ಕಸದ ಗಾಡಿಯ ಹೆಂಗಸರು, ಯಾರು ಬೇಕಾದರೂ ಕುಡಿಯುತ್ತಾರೆ.

ಸೇತುವೆಗೆ ಹತ್ತಿರದ ಊರಿನ ನಡುವೆ ಒಂದು ಚೌಕವಿತ್ತು. ಆಟದೊಳಗಿನ ನಸುಕಿನಲ್ಲಿ ಭೀಮುವನ್ನು ಅಲ್ಲಿ ನಿಲ್ಲಿಸಿ ಕಂಟ್ರೋಲರ್ ಕೆಳಗಿಟ್ಟೆ. ಸಾಮಾನ್ಯವಾಗಿ ಯಾರೂ ಹೀಗೆ ನಿಲ್ಲುವುದಿಲ್ಲ. ಒಂದು ಬಟನ್ ಒತ್ತಿದರೆ ಭೀಮು ಮಲಗಿ, ಬಿಸಿಲೇರಿದ ಮೇಲೆ ಎದ್ದುಬಿಡುತ್ತಾನೆ. ನಾವೂ ಇಷ್ಟು ದಿನ ಅದನ್ನೇ ಮಾಡಿದ್ದು. ಆ ಊರುಗಳ ಬೆಳಗು ಹೇಗಿರುತ್ತದೆ ಅಂತ ನಾವು ನೋಡಿಯೇ ಇರಲಿಲ್ಲ.

ಒಂದು ನಾಯಿ ಎದ್ದು ಮೈ ಮುರಿಯಿತು. ಒಬ್ಬ ಮುದುಕ ಕೆಮ್ಮುತ್ತ ಹೋದ. ಯಾವ ಮುಕಾದಮನೂ ಬರಲಿಲ್ಲ.

"ಇನ್ನಷ್ಟು ನಿಂದ್ರು," ಅಂದಳು ಅವ್ವ.

ಚಹಾ ಆರಿತು. ಎದುರು ಮನೆಯ ಬಾಗಿಲು ತೆರೆಯಿತು. ಸೊಂಟ ಬಾಗಿದ ಒಬ್ಬಳು ಮುದುಕಿ ಪಾತ್ರೆ ಹೊತ್ತು ಹೊರಗೆ ಬಂದಳು. ಬಾಗಿಲ ಪಕ್ಕದ ಗಡಿಗೆಯ ಮುಚ್ಚಳ ತೆಗೆದು ಪಾತ್ರೆಯ ಗಂಜಿಯನ್ನು ಅದಕ್ಕೆ ಸುರಿದಳು. ಮುಚ್ಚಿದಳು. ಮುಚ್ಚಳದ ಮೇಲೆ ಒಂದು ತಂಬಿಗೆಯನ್ನು ಬೋರಲು ಹಾಕಿ, ಬೀದಿಯ ಆ ತುದಿ ಈ ತುದಿ ನೋಡಿ ಒಳಗೆ ಹೋದಳು.

ಅವ್ವನ ಕೈ ನನ್ನ ಮೊಣಕೈ ಹಿಡಿಯಿತು.

"ಸುಮಿ. ಆ ಗಡಿಗಿ ಎಲ್ಲಿ ಇಟ್ಟಾಳ ನೋಡು."

"ಬಾಗಲದ ಹಂತೇಕ."

"ಒಳಗೋ ಹೊರಗೋ?"

"ಹೊರಗ."

"ಉಣ್ಣೋ ಗಂಜಿ ಯಾರರ ಹೊಸ್ತಿಲ ಆಚಿಗಿ ಇಡ್ತಾರೇನು? ತಂಬಿಗಿ ಡಬ್ಬ ಹಾಕ್ಯಾಳ, ನೋಡಿದೇನು? ಅಕಿ ಅದನ್ನ ತನಗ ಇಟ್ಟಿಲ್ಲಬೇ. ಹೋಗಿ ಬರೋರಿಗಿ ಇಟ್ಟಾಳ. ಅರವಟಿಗಿ ಅದು!"

ಅರವಟಿಗೆ. ಮರಾಠಿಯಲ್ಲಿ ಪಾಣಪೋಯಿ ಅನ್ನುತ್ತಾರೆ, ಪುಣೆಯ ಚೌಕಚೌಕದಲ್ಲೂ ಇವೆ. ನಮ್ಮ ಬಾಗಿಲಲ್ಲೇ ಒಂದಿದೆ.

ನಾನು ಭೀಮುವನ್ನು ನಡೆಸಿದೆ. ಐದು ವರ್ಷದಲ್ಲಿ ಮೊದಲ ಸಲ ಅವನು ಒಂದು ಗಡಿಗೆಯ ಹತ್ತಿರ ಹೋದ. ಹತ್ತಿರ ಹೋದ ಮೇಲೇ ಅಕ್ಷರ ಮೂಡುವುದು. ಹಳೆಯ ಎಂಟು ಆಟಗಳಲ್ಲಿ ಅಲ್ಲಿ ಇರುತ್ತಿದ್ದ ಮಾತು 'ಒಡೆ.' ಇಲ್ಲಿ ಬೇರೆ ಇತ್ತು.

"ಏನು ಬರದಾರ? ಜಲ್ದಿ ಹೇಳು."

"'ದಣಿದು ಬಂದವರೇ, ತುಸು ತೆಗೆದುಕೊಳ್ಳಿ.'"

ಬಟನ್ ಮುಟ್ಟಿದೆ. ಭೀಮು ತಂಬಿಗೆ ಎತ್ತಿ, ಗಂಜಿ ತುಂಬಿಕೊಂಡು ಕುಡಿದ. ಇನ್ನೊಂದಿಷ್ಟನ್ನು ತನ್ನ ಸೋರೆಬುರುಡೆಗೆ ಹಾಕಿಕೊಂಡ. ತಂಬಿಗೆಯನ್ನು ತಿರುಗಿ ಬೋರಲು ಇಟ್ಟು, ಬಾಗಿಲಿಗೆ ತಲೆ ಬಾಗಿಸಿದ.

ಅವ್ವ ಟಿವಿಯ ಹತ್ತಿರ ಸರಿದು ನೋಡಿದಳು. ಆಮೇಲೆ ಹಣೆ ಬಡಿದುಕೊಂಡಳು. "ಊರಿನ ಮಂದಿ ಕರ್ದು ಉಣ್ಣಾಕ ಇಟ್ಟಾರ, ನಾವು ಕಳುವು ಅಂತ ತಿಳಕೊಂಡು ಮುಖ ತಿರುವಿ ಹೋಗೀವಿ. ಎಷ್ಟು ದಿನ ಆತು?"

"ನಾಲ್ವತ್ತು ತಾಸಿನ ಆಟ ಅವ್ವಾ."

"ನಾಲ್ವತ್ತು ತಾಸು ಉಪವಾಸ ಕೆಡವೀವಿ ನನ್ನ ತಮ್ಮನ್ನ!"

ನಾನು ಅಭಿಲಾಷಗೆ ಫೋನ್ ಹಚ್ಚಿದೆ. ಅವರು ಆಫೀಸಿನ ಬಸ್ಸಿನಲ್ಲಿದ್ದರು.

"ನಿಮ್ಮ ಆಟದಾಗ ಜನ ಬಾಗಲ ತಗಿಯಂಗಿಲ್ಲ ಅಂದ್ರಲ್ಲ, ಯಾವಾಗಿಂದ?"

"ಎರಡನೇ ಊರಿಂದ. ಹೇಳಿದ್ನಲ್ಲ, ಬಗ್ ಅದು. ಲಿಸ್ಟಲ್ಲಿ ಬರ್ದಿದೀನಿ."

"ಗಡಿಗಿ ಹ್ಯಾಂಗ ತಗೊಂಡ್ರಿ ನೀವು?"

"ಹೆಂಗೆ ಅಂದ್ರೆ? ಯಾವಾಗ್ಲೂ ತಗೊಳೋ ಹಂಗೆ. ಬಟನ್ ಒತ್ತಿ ಹಿಡ್ಕೊಂಡ್ರೆ ಒಡಿಯತ್ತೆ."

"ಹಿಡ್ಕೋಬ್ಯಾಡ್ರಿ. ಬರೇ ಮುಟ್ಟಿದ್ರ ಏನಾಗ್ತದ ಗೊತ್ತೇನು? ಅಲ್ಲಿ ಬರದದ್ದು ಓದಿರೇನು?"

ಅವರ ದನಿ ಸಣ್ಣಗಾಯಿತು. "ಓದಿಲ್ಲ. ಎಂಟು ಆಟದಲ್ಲೂ 'ಒಡೆ' ಅಂತಾನೆ ಇತ್ತಲ್ಲ... ತಡೀರಿ. ನಾನು ಒಡೆದಿದ್ದಕ್ಕೆ ಅವ್ರು ಬಾಗಿಲು ಹಾಕ್ಕೊಂಡ್ರಾ?"

"ಮತ್ತೇನು, ಆರತಿ ಎತ್ತತಾರೇನು?" ಅಂತ ಅವ್ವ ಪಕ್ಕದಿಂದ ಕೂಗಿದಳು.

"ಸುಮಂಗಲಾ, ಗ್ರೂಪಲ್ಲಿ ಎಲ್ರೂ ಆ ಬಗ್ ಬಗ್ಗೆ ಬರ್ದಿದಾರೆ. ಎಲ್ರೂ."

"ಬರೀಲಿ. ನಾಲ್ಕಕ್ಕ ಇಲ್ಲೆ ಬರ್ರಿ. ಅಷ್ಟೊತ್ತಿಗೆ ನಾ ಮುಗಿಸಿರ್ತೀನಿ."

ಆ ಮಾತು ಹೇಳುವುದು ಸುಲಭ. ಗಡಿಗೆ ಮನೆಗೊಂದು, ಊರಿಗೆ ಏಳೆಂಟು. ಒಂದೇ ಊರಲ್ಲಿ ಸೋರೆಬುರುಡೆ ತುಂಬಿಸಬಹುದಿತ್ತು. ಅವ್ವ ಬಿಡಲಿಲ್ಲ. "ಊರಿಗೆ ಒಂದು ಮನಿ. ಒಂದು ತಂಬಿಗಿ. ಮುಂದ ಬರೋರಿಗಿ ಇರಬೇಕು." ಆಟ ಹಾಗೇನೂ ಕೇಳುವುದಿಲ್ಲ ಅಂದೆ. "ಆಟ ಕೇಳಂಗಿಲ್ಲ, ನಾ ಕೇಳ್ತೀನಿ," ಅಂದಳು. ಸರಿ, ಹಿಂದೆ ನಡೆದೆವು, ಒಂಬತ್ತು ಊರು. ನಾವು ತಲೆ ತಗ್ಗಿಸಿ ದಾಟಿ ಬಂದಿದ್ದ ಅದೇ ಬೀದಿಗಳು. ಪ್ರತಿ ಬಾಗಿಲಲ್ಲೂ ಬೋರಲು ತಂಬಿಗೆ ಕಾಯುತ್ತಿತ್ತು. ಒಂದು ಊರಿನಲ್ಲಿ ಒಬ್ಬ ಹೆಂಗಸು ಕಿಟಕಿಯಿಂದ, "ಅಂತೂ ಕುಡಿದೆಯಲ್ಲ, ನಮ್ಮ ಕೈಯದು ಆಗುವುದಿಲ್ಲವೇನೋ ಅಂದುಕೊಂಡಿದ್ದೆ," ಅಂದಳು. ನಾನು ಅದನ್ನು ಅವ್ವನಿಗೆ ಯಾರ ದನಿಯಲ್ಲಿ ಹೇಳಲಿ ಅಂತ ತಿಳಿಯದೆ ನನ್ನದೇ ದನಿಯಲ್ಲಿ ಹೇಳಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ನಡಿ, ಹೊತ್ತಾಗ್ತದ," ಅಂದಳು.

ಹನ್ನೊಂದಕ್ಕೆ ಸೇತುವೆಯ ಮೇಲಿದ್ದೆವು. ಮೂವತ್ತೇಳನೆಯ ಸಲ ಸತ್ತದ್ದು ನನ್ನ ಅವಸರಕ್ಕೆ; ಸತ್ತರೂ ತಂದ ಗಂಜಿ ಸಮೇತ ಸೇತುವೆಯಿಂದಲೇ ಮತ್ತೆ ಶುರು. ಮೂವತ್ತೆಂಟನೆಯ ಸಲ, ಒಂಬತ್ತನೆಯ ತಂಬಿಗೆಯ ಗಂಜಿ ಗಂಟಲಲ್ಲಿ ಇರುವಾಗ, ಉಪ್ಪಿನವನು ಮೊಣಕಾಲು ಮಡಚಿ ಕೂತು ಪುಡಿಪುಡಿಯಾಗಿ ನೀರಿಗೆ ಸುರಿದುಹೋದ. ನಾನು ಕಿರುಚಿದ ಸದ್ದಿಗೆ ಮೇಲಿನ ಮನೆಯಾಕೆ ಇಣುಕಿ, "ಕಾಯ ಝಾಲಂ ಗ?" ಅಂತ, ಏನಾಯಿತೆಂದು ಕೇಳಿದಳು. "ನನ್ನ ತಮ್ಮ ಪಾಸಾದ!" ಅಂದಳು ಅವ್ವ ಮರಾಠಿಯಲ್ಲಿ. ಆಕೆ ಪೇಢಾ ಕೇಳಿ ಹೋದಳು.

ಕೊನೆಯ ಭಾಗ ಮುಗಿದಾಗ ನಾಲ್ಕು ಹತ್ತು. ಅಭಿಲಾಷ ಬಂದಿದ್ದರು, ಹೊರಗಿನ ನೀರು ಕುಡಿದು, ಲ್ಯಾಪ್‌ಟಾಪ್ ತೆರೆದು ಕೂತಿದ್ದರು.

"ಈಗ ಹೇಳಿ ಅಮ್ಮ. ಹತ್ತಕ್ಕೆ ಹತ್ತಾ?"

"ತಡಿ. ಸುಮಿ, ಆ ಮುದುಕಿ ಮನಿಗಿ ಹೋಗು."

"ಅವ್ವಾ, ಆಟ ಮುಗೀತು. ಇನ್ನ ಎರಡು ತಾಸಿನ ಒಳಗ—"

"ಹೋಗು ಅಂದೆ."

ಹೋದೆ. ಸಂಜೆಯ ಹೊತ್ತು, ಬಾಗಿಲು ಮುಚ್ಚಿತ್ತು, ಗಡಿಗೆಯ ತಳ ಕಾಣುತ್ತಿತ್ತು.

"ತುಂಬು," ಅಂದಳು ಅವ್ವ.

ಪಕ್ಕದಲ್ಲೇ ಬಾವಿ. ಬಾವಿಯ ಹತ್ತಿರ ನಿಂತು ಒಂದೊಂದೇ ಬಟನ್ ಒತ್ತಿದೆ. ಭೀಮು ಕೂತ, ಹಾರಿದ, ಸೀಟಿ ಹೊಡೆದ, ಕತ್ತಿ ಹಿರಿದ. ನೀರು ಸೇದಲಿಲ್ಲ. ಗಡಿಗೆಯ ಹತ್ತಿರ ಬಂದು ಮತ್ತೆ ಒತ್ತಿದೆ. ನಮ್ಮ ಹತ್ತಿರ ಉಳಿದಿದ್ದ ಗಂಜಿಯನ್ನಾದರೂ ಹಾಕೋಣ ಅಂದರೆ ಅದಕ್ಕೂ ದಾರಿ ಇಲ್ಲ. ಅಭಿಲಾಷ ತಾವೂ ಕಂಟ್ರೋಲರ್ ತೆಗೆದುಕೊಂಡು ಇಪ್ಪತ್ತು ನಿಮಿಷ ಹುಡುಕಿದರು. "ಇಲ್ಲ ಅಮ್ಮ. ಅದನ್ನ ಅವ್ರು ಮಾಡೇ ಇಲ್ಲ."

"ಕುಡಿಯಾಕ ಬಿಟ್ಟಾರ, ತುಂಬಾಕ ಬಿಟ್ಟಿಲ್ಲ," ಅಂದಳು ಅವ್ವ. "ಮೊದಲಿನ ಆಟದಾಗ ಭೀಮು ದುಡೀತಿದ್ದ. ಇದರಾಗ ಊರ ಮಂದಿ ಚಲೋ ಅದಾರ, ಭಾಳ ಚಲೋ ಅದಾರ. ಆದ್ರ ಇಂವ ಬರೇ ಉಂಡು ಹೋಗೋ ಬೀಗ. ಮೂರು ಕಡಿಮಿ ಮಾಡು. ಏಳು."

"ಏಳು," ಅಂದೆ. ನನಗೂ ಸರಿ ಅನ್ನಿಸಿತು. ಬರೆದುಕೊಂಡೆ.

ಕ್ಯಾಮೆರಾ ಇಟ್ಟ ಮೇಲೆ ಅಭಿಲಾಷ ತಡೆದರು. "ಒಂದು ಮಾತು. ನಲವತ್ತು ಗಂಟೆ ಗಡಿಗೆ ಮುಟ್ಟದೇ ಆಡಿದ ಕತೆ ಬೇಡ. ಆಟದ್ದು ಮಾತ್ರ ಹೇಳಿ. ಕಂಪನಿಯವ್ರು ಮೊದಲ ಸಲ ಕಳಿಸಿದಾರೆ. ಇವ್ರಿಗೆ ಆಡೋಕೇ ಬರಲ್ಲ ಅಂತ ಜನ ನಗ್ತಾರೆ."

"ನಗಲಿ ಬಿಡ್ರಿ. ಮಂಗಳವಾರ ನಾಲ್ಕು ಅಂದಿದ್ವಿ, ನೀವು ಎಂಟು ಅಂದಿದ್ರಿ. ಎರಡೂ ತಪ್ಪು. ನಾವು ಗಡಿಗಿ ಹತ್ತಿರ ಹೋಗಲಿಲ್ಲ, ನೀವು ಓದಲಿಲ್ಲ. ಅದನ್ನ ಮುಚ್ಚಿಟ್ಟು ಏಳು ಅಂದ್ರ ಆ ಏಳಕ್ಕ ಏನು ಬೆಲಿ?"

"ನಾನು ಒಡೆದಿದ್ದೂ ಹೇಳ್ತೀರಾ?"

"ಹೆಸರು ಹಿಡಿದು ಹೇಳ್ತೀನಿ."

ಅವರು ಅವ್ವನ ಕಡೆ ನೋಡಿದರು. ಅವ್ವ ತಲೆ ಮೇಲೆ ಸೆರಗು ಸರಿಮಾಡಿಕೊಳ್ಳುತ್ತ, "ನಾ ಉಪವಾಸ ಕೆಡವಿದ್ದು ನಾನೇ ಹೇಳ್ತೀನಿ ತಮ್ಮಾ, ನೀ ಒಡದದ್ದು ನೀನೇ ಹೇಳು. ಬಾ, ಇಲ್ಲಿ ಬಂದು ಕೂಡು," ಅಂದು ಚಾಪೆಯ ಮೇಲೆ ಸರಿದು ಜಾಗ ಮಾಡಿದಳು.

ಎರಡು ವರ್ಷದಲ್ಲಿ ಮೊದಲ ಸಲ ಅಭಿಲಾಷ ಕ್ಯಾಮೆರಾದ ಮುಂದೆ ಕೂತರು. ಒಂದೇ ಸಲಕ್ಕೆ ಹದಿನೆಂಟು ನಿಮಿಷ ಮಾತಾಡಿದೆವು. ಕತ್ತರಿಸಿ ಜೋಡಿಸಿ ಕಳಿಸುವಾಗ ಐದು ಐವತ್ತೊಂದು. ಮೊಬೈಲಿನ ನೆಟ್ಟು ಕುಂಟುತ್ತಿತ್ತು. ಮೂವರೂ ಲ್ಯಾಪ್‌ಟಾಪಿನ ನೀಲಿ ಗೆರೆ ನೋಡುತ್ತ ಕೂತೆವು. ತೊಂಬತ್ತು. ತೊಂಬತ್ತಾರು. ಅದು ತುದಿ ಮುಟ್ಟಿದಾಗ ಆರಕ್ಕೆ ಎರಡು ನಿಮಿಷ ಇತ್ತು.

"ಹೋತೇನು?" ಅಂದಳು ಅವ್ವ.

"ಹೋತು."

"ಇನ್ನ ಅವರು ಮುಂದಿನ ಆಟ ಕಳಸ್ತಾರೋ ಇಲ್ಲೋ?"

"ಕಳಿಸದಿದ್ರೆ ಅಂಗಡೀಲಿ ಬಂದ್ಮೇಲೆ ತಗೊಂಡು ಆಡಣ ಬಿಡಿ ಅಮ್ಮ," ಅಂದರು ಅಭಿಲಾಷ, ಚೀಲ ಹೆಗಲಿಗೇರಿಸುತ್ತ. "ಬೆಳಗ್ಗೆ ನಾಕಾಕ್ಕೆ ನಾನೂ ಬರ್ತೀನಿ."

ಹೊರಗೆ ಚಪ್ಪಲಿ ಮೆಟ್ಟಿದರು. ರೂಢಿಯಂತೆ ತಂಬಿಗೆ ಎತ್ತಿ ಗಡಿಗೆಯ ಮುಚ್ಚಳ ತೆಗೆದು ಬಗ್ಗಿ ನೋಡಿದರು. ತಂಬಿಗೆ ತಳಕ್ಕೆ ಕೆರೆದ ಸದ್ದು ಒಳಗಿನವರೆಗೂ ಕೇಳಿಸಿತು. ಆಮೇಲೆ ಚೀಲವನ್ನು ಕಟ್ಟೆಯ ಮೇಲಿಟ್ಟು, ಗಡಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊಟ್ಟೆಗೆ ಒತ್ತಿಕೊಂಡು, ಓಣಿಯ ತುದಿಯ ನಳದ ಕಡೆ ನಡೆದರು.